ಧಾರವಾಡದಲ್ಲಿ ಜನಿಸಿದ ಕ್ರಿಕೆಟ್ ಪಟು ಪಲವಣಕರ ಬಾಳೂ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಆಟಗಾರರು ಎರಡು ವರ್ಗಗಳಾಗಿ ವಿಭಕ್ತರಾಗಿದ್ದರು. ವೇತನದ ಹಂಗಿಲ್ಲದೆ ವಿನೋದಾರ್ಥವಾಗಿ ತಮ್ಮ ಕೌಂಟಿಯ, ಎಂದರೆ ಜಿಲ್ಲೆಯ, ಪಕ್ಷದಲ್ಲಿ ಆಡುತ್ತಿದ್ದ ಸ್ಥಿತಿವಂತರು ‘ಜಂಟಲ್‌ಮನ್’ ಎನಿಸಿದರೆ, ಹೊಟ್ಟೆಪಾಡಿಗಾಗಿ ಆಡುವವರು ಬರಿಯ ‘ಪ್ಲೇಯರ್’ಗಳು. ಇವರಿಗೆ ಉಡುಪು ತೊಡುವ ಕೋಣೆಯೂ ಬೇರೆ, ಎಷ್ಟೋ ಮೈದಾನಗಳಲ್ಲಿ ಅಂಗಳಕ್ಕಿಳಿಯುವ ಬಾಗಿಲೂ ಬೇರೆ! ಧನಭೇದದ ಈ ಆಟ ಭಾರತಕ್ಕೆ ಬಂದು ಇಲ್ಲಿಯ ಕುಲಭೇದವನ್ನೂ ಸೇರಿಸಿಕೊಂಡಿತು. ಅದರ ನಡುವೆ ಬೆಳಗಿದ ಪ್ರತಿಭೆ ಪಲವಣಕರ ಬಾಳೂ ಅವರದು.

ಬಾಳೂ ಅವರು 1876ರಲ್ಲಿ ಧಾರವಾಡದಲ್ಲಿ ಜನಿಸಿದರು. ಮನೆತನದ ಮೂಲಗ್ರಾಮ ಕೊಂಕಣದ ಪಲವಣ. ತಂದೆ ಸೈನ್ಯದ ಸೇವೆಯಲ್ಲಿದ್ದವರು. ಕುಲವು ಅಂದು ಅಸ್ಪೃಶ್ಯವೆನಿಸಿದ ಚರ್ಮಕಾರರದು. ಪುಣೆಯ ಪಾರಸಿ ಕ್ಲಬ್ಬಿನಲ್ಲಿ ಮಾಸಿಕ 3 ರೂಪಾಯಿ ಸಂಬಳಕ್ಕೆ ಅಂಗಳ ಗುಡಿಸಿ, ಉರುಳೆ ಎಳೆಯುವ ಕೆಲಸ ಅವರಿಗೆ ದೊರೆಯಿತು. 1892ರಲ್ಲಿ ಐರೋಪ್ಯರ ಪೂನಾ ಕ್ಲಬ್ಬಿಗೆ ಬಂದಾಗ ಸಂಬಳ 4 ರೂಪಾಯಿ. ಅಲ್ಲಿಯ ದಾಂಡುಗಾರರಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಎಸೆಯುತ್ತ ಅವರ ಎಡಗೈ ಪಳಗಿತು. ಸೇನಾಧಿಕಾರಿ ಗ್ರೆಗ್ ಎಂಬಾತ ತನ್ನನ್ನು ಔಟು ಮಾಡಿದಾಗಲೆಲ್ಲ ಎಂಟಾಣೆ ಇನಾಮು ಕೊಡುತ್ತಿದ್ದನೆಂಬ ಮಾತು ಪ್ರಚಲಿತವಾಗಿದೆ. ಈ ಗ್ರೆಗ್ ಸಾಮಾನ್ಯನಲ್ಲ. 1901ರಲ್ಲಿ ಹ್ಯಾಂಪ್‌ಶೈರ್ ಕೌಂಟಿಯ ಪರವಾಗಿ ಲ್ಯಾಂಕಶೈರಿನೆದುರು ಔಟಾಗದೆ 249 ಓಟಗಳನ್ನು ಗಳಿಸಿದ ‘ಜಂಟಲ್‌ಮನ್’. ಆದರೆ ಆ ಕ್ಲಬ್ಬಿನಲ್ಲಿ ಬಾಳೂ ಅವರ ಕೈಗೆ ದಾಂಡನ್ನು ಮಾತ್ರ ಕೊಡಲಿಲ್ಲ. ದಾಂಡು ದೊರೆಗಳದು, ಬೆವರು ಆಳಿನದು ಎಂಬುದೇ ಅಂದಿನ ನ್ಯಾಯ.

ಐರೋಪ್ಯರನ್ನು ಸೋಲಿಸುವ ಹಂಬಲದಿಂದ ಪುಣೆಯ ಹಿಂದೂ ಪಕ್ಷದವರು ಬಾಳೂ ಅವರನ್ನು ಕರೆದುಕೊಂಡರು. ಅಲ್ಲಿ ಕಂಡ ವೈಪರೀತ್ಯ ಗಮನಾರ್ಹವಾದುದು. ಅಂಗಳದಲ್ಲಿ ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುವರು. ಚಹದ ವೇಳೆಗೆ ಅವರಿಗೆ ಮಾತ್ರ ಹೊರಗೆ ಮಣ್ಣಿನ ಕುಡಿಕೆ! ಚೆಂಡಿಗಿಲ್ಲದ ಮೈಲಿಗೆ ಚಹಕ್ಕೆ ಹೇಗೆ ಬಂದಿತೋ ಶಾಸ್ತ್ರಜ್ಞರೇ ಹೇಳಬೇಕು. ಗೆಲುವುಗಳು ಹೆಚ್ಚಿದಂತೆ ಈ ಕಟ್ಟು ಸಡಿಲಿತು. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ಪಕ್ಷವು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಬಾಳೂ ಅವರೂ ತಮ್ಮ ಶಿವರಾಮರೂ ಪಕ್ಷದಲ್ಲಿದ್ದರು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪೇಂದ್ರಸಿಂಗರ ನಾಯಕತ್ವದಲ್ಲಿ ಭಾರತೀಯ ಪಕ್ಷವೊಂದು ಇಂಗ್ಲೆಂಡಿಗೆ ತೆರಳಿತು. ಆಡಿದ 23 ಪಂದ್ಯಗಳಲ್ಲಿ ಗೆದ್ದವು ಆರೇ. ಬಾಳೂ ಅವರು ಪಡೆದ ಹುದ್ದರಿಗಳಾದರೋ ನೂರಕ್ಕೂ ಮಿಕ್ಕು. ಲೆಸ್ಟರ್‌ಶೈರ್ ಮತ್ತು ಸಾಮರ್ಸೆಟ್ ಕೌಂಟಿಗಳು ಈ ಪಕ್ಷಕ್ಕೆ ಮಣಿದವು. ಸಾಮರ್ಸೆಟ್ಟಿನೆದುರು ಶಿವರಾಮರು ಶತಕ ಬಾರಿಸಿದರು.

ಇಷ್ಟಾದರೂ ಹಿಂದೂ ಪಕ್ಷದ ನಾಯಕಪದವಿಗೆ ಬಾಳೂ ಅವರನ್ನು ನೇಮಿಸಲೇ ಇಲ್ಲ. 1920ರಲ್ಲಿ ಇದೇ ವಿಷಯವಾಗಿ ತಮ್ಮಂದಿರು ಪ್ರತಿಭಟಿಸಿ ಪಕ್ಷದಿಂದ ಹಿಂದೆ ಸರಿದರು. ಅಣ್ಣನಿಗೆ ಸಲ್ಲದ ಗೌರವ 1923ರಲ್ಲಿ ಕಿರಿಯ ಸೋದರ ವಿಠ್ಠಲರಿಗೆ ಸಂದಿತು.

ಬಾಳೂ ಅವರನ್ನು ತಾರುಣ್ಯದಲ್ಲಿ ಬಹುವಾಗಿ ಮೆಚ್ಚಿಕೊಂಡಿದ್ದ ಡಾ. ಅಂಬೇಡ್ಕರರು 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಅವರಿಗೇ ಎದುರಾಳಿಯಾಗಿ ನಿಂತುದು ಕಾಲದ ಆಟ. ಕಾಂಗ್ರೆಸ್ಸಿನ ಅಭ್ಯರ್ಥಿಯಾಗಿದ್ದ ಬಾಳೂ ಅವರು ಸ್ವಲ್ಪ ಅಂತರದಿಂದ ಸೋತರು. 1955ರ ಜುಲೈಯಲ್ಲಿ ಮುಂಬಯಿಯಲ್ಲಿ ಅವರು ಕಾಲವಶರಾದರು.