ಬೆರಳಚ್ಚು ಹುಡುಕೋ ಯಂತ್ರಕ್ಕೆ ಕೋಟಿ ಕೋಟಿ. ಬೆರಳಚ್ಚು ಉಳಿಸೋರು ಯಾರು?

ತ್ಯಾವಣಿಗೆ: 'ಸ್ಥಳಕ್ಕೆ ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲಿಸಿದರು.'

ಅಂಗಡಿ ಕಳ್ಳತನದ ಸುದ್ದಿ ಯಾವ ಊರಿನದೇ ಇರಲಿ, ಕೊನೆಯ ಸಾಲು ಇದೇ. ಓದಿ ಓದಿ ಜನಕ್ಕೆ ಬಾಯಿಪಾಠವಾಗಿದೆ. ನಾಯಿ ಬಂತು, ಮೂಸಿತು, ಟಾರು ರಸ್ತೆವರೆಗೆ ಹೋಗಿ ನಿಂತಿತು. ತಜ್ಞರು ಬಂದರು, ಪುಡಿ ಬಳಿದರು, ಪೆಟ್ಟಿಗೆ ಮುಚ್ಚಿಕೊಂಡು ಹೋದರು. ಆಮೇಲೆ? ಆ ಬೆರಳಚ್ಚು ಎಲ್ಲಿಗೆ ಹೋಯಿತು, ಯಾರದ್ದು ಅಂತ ಯಾರು ನೋಡಿದರು, ಸಿಕ್ಕಿತೋ ಇಲ್ಲವೋ? ಆ ಸುದ್ದಿ ಮಾತ್ರ ಪತ್ರಿಕೆಯಲ್ಲಿ ಬರೋದು ಅಪರೂಪ.

ದಾವಣಗೆರೆ–ಚನ್ನಗಿರಿ ದಾರಿಯ ತ್ಯಾವಣಿಗೆಯಂಥ ಊರಿನ ವ್ಯಾಪಾರಸ್ಥರಿಗೆ ಇದು ತಮಾಷೆಯ ಮಾತಲ್ಲ. ಸುತ್ತ ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ. ಸುಗ್ಗಿ ಬಂದರೆ ಕಣದಲ್ಲಿ ಮಾಲು, ಗಲ್ಲದಲ್ಲಿ ನಾಲ್ಕು ಕಾಸು. ರಾತ್ರಿ ಷಟರ್ ಎಳೆದು ಬೀಗ ಜಡಿದು ಮನೆಗೆ ಹೋದರೆ ಬೆಳಗಿನವರೆಗೆ ದೇವರೇ ಕಾವಲು. ಬೀಗ ಮುರಿದ ಮೇಲೆ ಉಳಿಯೋದು ಎರಡೇ ಆಸೆ. ಒಂದು ಕ್ಯಾಮೆರಾ. ಇನ್ನೊಂದು ಕಳ್ಳನ ಬೆರಳು.

ಈ ಬೆರಳಿನ ಹೆಸರಲ್ಲಿ ಘನ ಸರ್ಕಾರಗಳು ಸುರಿದಿರೋ ದುಡ್ಡು ಎಷ್ಟು, ಅದರಲ್ಲಿ ಹಳ್ಳಿ ಅಂಗಡಿಯ ಬಾಗಿಲಿಗೆ ತಲುಪೋದು ಎಷ್ಟು ಅನ್ನೋದೇ ಈಗ ಲೆಕ್ಕ ಹಾಕಬೇಕಾದ ಮಾತು.

ಹೆಬ್ಬೆಟ್ಟಿನ ಮಹಿಮೆ

ಓದು ಬಾರದವರನ್ನು 'ಹೆಬ್ಬೆಟ್ಟು' ಅಂತ ಹೀಯಾಳಿಸೋದು ನಮ್ಮ ಕಡೆ ರೂಢಿ. ಆದರೆ ಸಹಿಯನ್ನು ಕದಿಯಬಹುದು, ಹೆಬ್ಬೆಟ್ಟನ್ನು ಕದಿಯೋದು ಕಷ್ಟ. 1858ರಲ್ಲೇ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಗುತ್ತಿಗೆದಾರನೊಬ್ಬನಿಂದ ಕರಾರು ಪತ್ರದ ಮೇಲೆ ಸಹಿಯ ಜೊತೆ ಇಡೀ ಅಂಗೈಯನ್ನೇ ಒತ್ತಿಸಿಕೊಂಡಿದ್ದ. ನಾಳೆ 'ಇದು ನಂದಲ್ಲ' ಅನ್ನಬಾರದಲ್ಲ!

1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿಯೇ ಶುರುವಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅಂಥ ಕಚೇರಿ ತೆರೆದದ್ದು 1901ರಲ್ಲಿ, ನಾಲ್ಕು ವರ್ಷ ತಡವಾಗಿ. ಬೆರಳಚ್ಚುಗಳನ್ನು 1,024 ಗೂಡುಗಳಲ್ಲಿ ವಿಂಗಡಿಸೋ ಲೆಕ್ಕಾಚಾರ ಹಾಕಿಕೊಟ್ಟವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ನಮ್ಮ ದೇಶದ ಇಬ್ಬರು ನೌಕರರು. ಪದ್ಧತಿಗೆ ಉಳಿದ ಹೆಸರು ಮಾತ್ರ ಅವರ ಸಾಹೇಬ ಎಡ್ವರ್ಡ್ ಹೆನ್ರಿಯದು. ದುಡಿಯೋರು ಒಬ್ಬರು, ಹೆಸರು ಇನ್ನೊಬ್ಬರಿಗೆ. ಅಂದೂ ಹಾಗೇ.

ಅದೇ ಸುಮಾರಿಗೆ ಜಲಪಾಇಗುರಿಯ ಚಹಾ ತೋಟದ ಮ್ಯಾನೇಜರ್ ಕೊಲೆಯಾಯಿತು. ಪಂಚಾಂಗದ ಮೇಲೆ ಕಂದು ಬಣ್ಣದ ಬೆರಳ ಕಲೆ ಇತ್ತು. ಹಿಂದೆ ಕಳ್ಳತನದ ಮೇಲೆ ಜೈಲಿಗೆ ಹೋಗಿದ್ದ ಹಳೇ ಆಳೊಬ್ಬನ ಹೆಬ್ಬೆಟ್ಟಿಗೆ ಅದು ಹೊಂದಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತೇ ಹೊರತು ಬರೀ ಬೆರಳಚ್ಚು ನಂಬಿ ಕೊಲೆಗೆ ಶಿಕ್ಷೆ ಕೊಡಲಿಲ್ಲ. ಅವನ ಅಚ್ಚು ಮೊದಲೇ ದಫ್ತರದಲ್ಲಿತ್ತು ಅನ್ನೋದನ್ನು ಮರೆಯಬಾರದು. ದಫ್ತರದಲ್ಲಿ ಇಲ್ಲದವನ ಬೆರಳು ಸಿಕ್ಕರೂ ಅಂದಿಗೆ ಅದು ಊರಿಲ್ಲದ ವಿಳಾಸ.

ಹತ್ತು ಬೆರಳು ಬಿಟ್ಟು ಹೋಗೋ ಕಳ್ಳ ಇದ್ದಾನೆಯೇ?

ಹಳೇ ಪದ್ಧತಿಗೆ ಒಂದು ದೊಡ್ಡ ಕೊರತೆ ಇತ್ತು. ಗೂಡು ಹುಡುಕಬೇಕಾದರೆ ಹತ್ತೂ ಬೆರಳಿನ ಅಚ್ಚು ಬೇಕು. ಅಂಗಡಿಗೆ ನುಗ್ಗಿದವನು ಗಾಜಿನ ಮೇಲೆ ಅರ್ಧ ಬೆರಳು ಬಿಟ್ಟು ಹೋಗಿರುತ್ತಾನೆ, ಅದೂ ಉಜ್ಜಿದ ಹಾಗೆ. ಅದನ್ನು ಹಿಡಿದುಕೊಂಡು ಲಕ್ಷಾಂತರ ಚೀಟಿ ತಿರುವಿ ಹಾಕೋದು ಮನುಷ್ಯರಿಂದ ಆಗೋ ಕೆಲಸವಲ್ಲ. ಪೊಲೀಸರಿಗೆ ಯಾರ ಮೇಲಾದರೂ ಗುಮಾನಿ ಬಂದು ಹಿಡಿದು ತಂದರೆ ಅವನ ಬೆರಳಿನ ಜೊತೆ ಹೋಲಿಸಬಹುದಿತ್ತು, ಅಷ್ಟೇ.

ಕಂಪ್ಯೂಟರ್ ಬಂದು ಬದಲಾಯಿಸಿದ್ದು ಇದನ್ನೇ. ಅಜ್ಜಿಯರು ಮಗುವಿನ ಬೆರಳು ಹಿಡಿದು ಶಂಖ, ಚಕ್ರ ಎಣಿಸಿದ ಹಾಗೆ ಯಂತ್ರ ಬರೀ ಸುಳಿ ನೋಡೋದಿಲ್ಲ. ಗೆರೆ ಎಲ್ಲಿ ಮುಗಿಯುತ್ತೆ, ಎಲ್ಲಿ ಕವಲೊಡೆಯುತ್ತೆ ಅಂತ ಗುರುತು ಹಾಕಿಕೊಂಡು ಅರ್ಧ ಅಚ್ಚನ್ನೂ ದಫ್ತರದ ಅಚ್ಚುಗಳ ಜೊತೆ ತಾಳೆ ನೋಡುತ್ತೆ. 1992ರಲ್ಲಿ 'ಫ್ಯಾಕ್ಟ್ಸ್' ಎಂಬ ನಮ್ಮ ದೇಶದ್ದೇ ವ್ಯವಸ್ಥೆ ಬಂತು. 2022ರ ಆಗಸ್ಟ್‌ನಲ್ಲಿ ಇಡೀ ದೇಶಕ್ಕೆ ಒಂದೇ ಆದ 'ನಾಫಿಸ್' ಉದ್ಘಾಟನೆ ಆಯಿತು. ಬಂಧನಕ್ಕೊಳಗಾದವರಿಗೆ ಹತ್ತು ಅಂಕಿಯ ಒಂದು ನಂಬರು. ಒಂದು ಕೋಟಿಗೂ ಮಿಕ್ಕಿದ ದಾಖಲೆ. ಉದ್ಘಾಟನೆಗೆ ಮೊದಲೇ, ಅದೇ ವರ್ಷದ ಏಪ್ರಿಲ್‌ನಲ್ಲಿ, ಮಧ್ಯಪ್ರದೇಶದ ಪೊಲೀಸರು ಗುರುತು ಸಿಗದ ಒಂದು ಹೆಣದ ಗುರುತನ್ನು ಇದರಿಂದಲೇ ಪತ್ತೆ ಮಾಡಿದ್ದರು.

ನಮ್ಮ ರಾಜ್ಯದಲ್ಲೂ ರಾತ್ರಿ ಗಸ್ತಿನ ಪೊಲೀಸರ ಕೈಗೆ ಪುಟ್ಟ ಸ್ಕ್ಯಾನರ್, ಮೊಬೈಲ್ ಆಪ್ ಬಂದಿದೆ. ಅವೇಳೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಗುಮಾನಿ ಹುಟ್ಟಿಸೋ ಹಾಗೆ ಸುತ್ತಾಡೋನ ಬೆರಳು ಇಡಿಸಿದರೆ, ಹಳೇ ಕೇಸು ದಾಖಲೆಯಲ್ಲಿದ್ದರೆ ಪರದೆ ಮೇಲೆ ಬರುತ್ತೆ. ಕೊನೇ ಬಸ್ಸು ತಪ್ಪಿಸಿಕೊಂಡು ಕೂತ ಬಡಪಾಯಿ ಪ್ರಯಾಣಿಕನನ್ನೂ, ಕಬ್ಬಿಣದ ಸಲಾಕೆ ಹಿಡಿದು ಬಂದವನನ್ನೂ ಒಂದೇ ತಕ್ಕಡಿಗೆ ಹಾಕದೆ ಇರೋದಕ್ಕೆ ಇದು ಅನುಕೂಲವೇ.

ನ್ಯಾಮತಿ ಕಲಿಸಿದ ಪಾಠ

ಇದೇ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಪ್ರಕರಣ ಜನ ಮರೆತಿಲ್ಲ. 2024ರ ಅಕ್ಟೋಬರ್ ಕೊನೆ. ನಾಲ್ಕನೇ ಶನಿವಾರ, ಭಾನುವಾರ ರಜೆ. ಸೋಮವಾರ ಬಾಗಿಲು ತೆಗೆದರೆ ಜನ ಅಡವಿಟ್ಟಿದ್ದ ಸುಮಾರು 17 ಕೆ.ಜಿ. ಚಿನ್ನ ಮಾಯ. ಬೆಲೆ ಹೆಚ್ಚು ಕಡಿಮೆ 13 ಕೋಟಿ ರೂಪಾಯಿ. ಕಿಟಕಿಯ ಸರಳು ಕತ್ತರಿಸಿ ಒಳನುಗ್ಗಿ, ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದಿದ್ದರು. ಕ್ಯಾಮೆರಾದ ದಾಖಲೆ ಪೆಟ್ಟಿಗೆಯನ್ನೇ ಹೊತ್ತೊಯ್ದಿದ್ದರು. ನಾಯಿಗೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಎರಚಿದ್ದರು.

ಐದು ತಿಂಗಳ ಮೇಲೆ, 2025ರ ಮಾರ್ಚ್ ಕೊನೆಗೆ, ಪೊಲೀಸರು ಆರು ಆರೋಪಿಗಳ ಬಂಧನ ಪ್ರಕಟಿಸಿದರು. ತಮಿಳುನಾಡಿನ ಮಧುರೈ ಜಿಲ್ಲೆಯ ಉಸಿಲಂಪಟ್ಟಿ ಕಡೆಯ ಬಾವಿಯೊಂದರಿಂದ ಚಿನ್ನ ಮೇಲೆ ಬಂತು. ತಾಳಿ, ಬಳೆ ಅಡವಿಟ್ಟಿದ್ದ ಹೆಂಗಸರು ನಿಟ್ಟುಸಿರು ಬಿಟ್ಟರು.

ಕ್ಯಾಮೆರಾ ಇಲ್ಲ, ನಾಯಿ ಇಲ್ಲ. ಅಂಥಾ ಹೊತ್ತಲ್ಲಿ ಪೊಲೀಸರಿಗೆ ಉಳಿಯೋದು ಸ್ಥಳದಲ್ಲಿ ಬಿದ್ದ ಚೂರುಪಾರು ಗುರುತು, ಮತ್ತೆ ಊರೂರು ಅಲೆಯೋ ಕಾಲು. ಇದೇ ಜಿಲ್ಲೆಯ ಪೊಲೀಸ್ ನಾಯಿ 'ತುಂಗಾ' 2020ರಲ್ಲಿ ಬಸವಾಪಟ್ಟಣದ ಕಡೆಯ ಕೊಲೆ ಪ್ರಕರಣದಲ್ಲಿ ಸುಮಾರು 12 ಕಿ.ಮೀ. ಓಡಿ ಆರೋಪಿ ಇದ್ದ ಊರು ತಲುಪಿದ್ದನ್ನು ದೇಶವೇ ಕೊಂಡಾಡಿತ್ತು. ನಾಯಿಯ ಓಟವನ್ನು ಖಾರದ ಪುಡಿ ನಿಲ್ಲಿಸಬಹುದು. ಒಮ್ಮೆ ಸರಿಯಾಗಿ ಎತ್ತಿಟ್ಟ ಬೆರಳಚ್ಚನ್ನು ನಿಲ್ಲಿಸೋರಿಲ್ಲ. ಇವತ್ತು ತಾಳೆ ಆಗದಿದ್ದರೂ ಮೂರು ವರ್ಷ ಬಿಟ್ಟು ಆ ಕಳ್ಳ ಬೇರೆಲ್ಲೋ ಸಿಕ್ಕಿಬಿದ್ದರೆ ಯಂತ್ರ ಬಡಿದೆಬ್ಬಿಸುತ್ತೆ.

ಷರತ್ತು ಒಂದೇ. ಅಚ್ಚು ಸರಿಯಾಗಿ ಎತ್ತಿಟ್ಟಿರಬೇಕು.

ದುಡ್ಡು ಹೋಗೋದು ಎಲ್ಲಿಗೆ?

ಇಲ್ಲೇ ಇರೋದು ಗಂಟು. ಠಾಣೆಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸೋ ಯೋಜನೆಗೆ ಕೇಂದ್ರ 2009ರಲ್ಲಿ 2,000 ಕೋಟಿ ಒಪ್ಪಿತು. 2021–22ರಿಂದ 2025–26ರವರೆಗಿನ ಪೊಲೀಸ್ ಆಧುನೀಕರಣ ಯೋಜನೆಗೆ 26,275 ಕೋಟಿ. ಪೊಲೀಸ್, ಕೋರ್ಟು, ಜೈಲು, ಪ್ರಯೋಗಾಲಯಗಳನ್ನು ಒಂದೇ ಜಾಲಕ್ಕೆ ಹೆಣೆಯೋ ಎರಡನೇ ಹಂತಕ್ಕೆ 3,375 ಕೋಟಿ. 2024ರ ಜೂನ್‌ನಲ್ಲಿ ವಿಧಿವಿಜ್ಞಾನ ಸೌಕರ್ಯಕ್ಕೆಂದು ಮತ್ತೆ 2,254 ಕೋಟಿ, 2028–29ರವರೆಗೆ.

ಕೇಳೋಕೆ ಚೆಂದ. ಆದರೆ ಕೊನೆಯದನ್ನು ಬಿಡಿಸಿ ನೋಡಿದರೆ, ಆ ದುಡ್ಡು ಹೋಗೋದು ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ, ಕೇಂದ್ರದ ಪ್ರಯೋಗಾಲಯಗಳಿಗೆ. ಪುಡಿ, ಬ್ರಷ್ಷು ಹಿಡಿದು ತ್ಯಾವಣಿಗೆಗೆ ಬರೋ ಜೀಪಿಗಲ್ಲ. ಸಂವಿಧಾನದ ಪ್ರಕಾರ ಪೊಲೀಸ್ ರಾಜ್ಯದ ಜವಾಬ್ದಾರಿ. ಜೀಪು, ಆಳು, ಸಂಬಳ ಎಲ್ಲ ರಾಜ್ಯದ ತಲೆ ಮೇಲೆ.

ರಾಜ್ಯ ಏನೂ ಮಾಡಿಲ್ಲ ಅಂದರೆ ತಪ್ಪಾಗುತ್ತೆ. ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಆದರೆ ಬೆರಳಚ್ಚು ಘಟಕ ಅದರಿಂದ ಬೇರೆ, ಅದು ಪೊಲೀಸ್ ಇಲಾಖೆಯದ್ದೇ ಶಾಖೆ. 2022ರ ಸುಮಾರಿಗೆ ಕರ್ನಾಟಕ 206 'ಸೋಕೊ' ಹುದ್ದೆಗಳನ್ನು ಮಾಡಿತು. ಅಪರಾಧ ನಡೆದ ಜಾಗಕ್ಕೇ ಹೋಗಿ ಸಾಕ್ಷ್ಯ ಎತ್ತೋದು ಇವರ ಕೆಲಸ. ಒಳ್ಳೇ ಹೆಜ್ಜೆ, ಸಂಶಯವಿಲ್ಲ. ಆದರೆ ರಾಜ್ಯದಲ್ಲಿ ಠಾಣೆಗಳೇ ಸಾವಿರಕ್ಕೂ ಮೇಲಿವೆ. ಐದು ಠಾಣೆಗೆ ಒಬ್ಬರು. ದಿನದ ಇಪ್ಪತ್ನಾಲ್ಕು ಗಂಟೆಗೆ, ವಾರದ ರಜೆಗೆ ಹಂಚಿದರೆ ಎಷ್ಟು ಉಳಿದೀತು? ಅಂಗಡಿ ಇಟ್ಟೋರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ.

ಯಂತ್ರವೂ ತಪ್ಪುತ್ತೆ

ಇನ್ನೊಂದು ಮಾತು. ಯಂತ್ರ 'ಇವನೇ ಕಳ್ಳ' ಅಂತ ಬೆರಳು ತೋರಿಸೋದಿಲ್ಲ. ಇಂಥಿಂಥವರು ಹೊಂದಬಹುದು ಅಂತ ಒಂದು ಪಟ್ಟಿ ಕೊಡುತ್ತೆ. ಭೂತಗನ್ನಡಿ ಹಿಡಿದು ಕೂತು ಹೌದು, ಅಲ್ಲ ಅನ್ನಬೇಕಾದೋರು ಪಳಗಿದ ತಜ್ಞರು. 2004ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್‌ನಲ್ಲಿ ರೈಲು ಬಾಂಬ್ ಸ್ಫೋಟವಾದಾಗ ಚೀಲದ ಮೇಲೆ ಸಿಕ್ಕ ಅಚ್ಚು ಬ್ರಾಂಡನ್ ಮೇಫೀಲ್ಡ್ ಎಂಬ ಅಮೆರಿಕದ ವಕೀಲನದ್ದೇ ಅಂತ ಅಲ್ಲಿನ ಎಫ್‌ಬಿಐ ಹೇಳಿ ಒಳಗೆ ಹಾಕಿತ್ತು. ಸ್ಪೇನಿನ ಪೊಲೀಸರು ಅದು ಅಲ್ಜೀರಿಯಾದವನೊಬ್ಬನದ್ದು ಎಂದು ಪತ್ತೆ ಮಾಡಿದ ಮೇಲೆ ಬಿಟ್ಟರು, ಕ್ಷಮೆ ಕೇಳಿದರು, 2006ರಲ್ಲಿ 20 ಲಕ್ಷ ಡಾಲರ್ ತೆತ್ತರು. ಅಂಥಾ ಕಡೆಯೇ ಹೀಗಾದರೆ, ತರಾತುರಿಯಲ್ಲಿ ನೋಡಿದ ಅಚ್ಚಿಗೆ ನಮ್ಮ ಕಡೆಯ ಕೂಲಿಯವನು ಸಿಕ್ಕಿಬಿದ್ದರೆ ತೆರೋರು ಯಾರು?

ಅದಕ್ಕೇ ತಜ್ಞರ ತರಬೇತಿಗೆ ಕೊಡೋ ಒಂದು ರೂಪಾಯಿ ಯಂತ್ರಕ್ಕೆ ಕೊಡೋ ರೂಪಾಯಿಗಿಂತ ಕಡಿಮೆ ಬೆಲೆಯದಲ್ಲ. ಅಡಿಕೆ ಸುಲಿದು, ಗಾರೆ ಕಲೆಸಿ ಸವೆದ ಬೆರಳು ರೇಷನ್ ಅಂಗಡಿ ಯಂತ್ರದಲ್ಲೇ ಕೂರದೆ ಹೆಂಗಸರು ಪದೇ ಪದೇ ಒತ್ತೋದನ್ನು ಯಾರು ಕಂಡಿಲ್ಲ? ಆ ಬೆರಳನ್ನೂ ಓದೋ ಕಣ್ಣು ಬೇಕು.

ಕಾನೂನಿನಲ್ಲಿ ಒಂದು ರಕ್ಷಣೆ ಇದೆ. 2022ರ ಹೊಸ ಕಾಯ್ದೆ ಪ್ರಕಾರ ದಾಖಲೆ 75 ವರ್ಷ ಇರುತ್ತೆ. ಆದರೆ ಹಿಂದೆ ಶಿಕ್ಷೆಯಾಗದವನು ಕೊನೆಗೆ ಖುಲಾಸೆ ಆದರೆ, ಕೋರ್ಟು ಬೇರೆ ಹೇಳದ ಹೊರತು, ಅವನ ಬೆರಳಚ್ಚು ನಾಶ ಮಾಡಬೇಕು. ಖುಲಾಸೆ ಆದೋರು ಇದನ್ನು ಕೇಳಿ ಪಡೆಯೋದು ಒಳ್ಳೇದು.

ಮೊದಲ ಅರ್ಧ ಗಂಟೆ ನಿಮ್ಮದು

ಎಲ್ಲಾ ಸರ್ಕಾರದ ಮೇಲೆ ಹಾಕಿ ಕೂರೋ ಹಾಗೂ ಇಲ್ಲ. ಬೆಳಿಗ್ಗೆ ಬೀಗ ಒಡೆದಿದ್ದು ಕಂಡ ತಕ್ಷಣ ಅಂಗಡಿಯವರು ಮಾಡೋದೇನು? ಷಟರ್ ಎತ್ತೋದು, ಗಲ್ಲ ಎಳೆದು ನೋಡೋದು, ಚೆಲ್ಲಾಪಿಲ್ಲಿ ಆಗಿದ್ದನ್ನು ಎತ್ತಿಡೋದು. ಅಷ್ಟರಲ್ಲಿ ಪಕ್ಕದ ಹೋಟ್ಲಿನೋರು, ಬಸ್ಸಿಗೆ ನಿಂತೋರು ಇಪ್ಪತ್ತು ಮಂದಿ ಒಳಗೆ. 'ಎಲ್ಲಿ ಒಡೆದ, ಇಲ್ಲೇನಾ?' ಅಂತ ಕೈ ಇಟ್ಟು ತೋರಿಸೋದು ಬೇರೆ. ಜಿಲ್ಲಾ ಕೇಂದ್ರದಿಂದ ತಜ್ಞರು ಬರೋ ಹೊತ್ತಿಗೆ ಕಳ್ಳನ ಬೆರಳಿನ ಮೇಲೆ ಇಡೀ ಊರಿನ ಬೆರಳು.

ಮಾಡಬೇಕಾದ್ದು ಇಷ್ಟೇ. ಒಳಗೆ ಹೋಗಬೇಡಿ. ಠಾಣೆಗೆ ಅಥವಾ 112ಕ್ಕೆ ಫೋನ್ ಮಾಡಿ. ಬಾಗಿಲಿಗೆ ಒಬ್ಬರನ್ನು ನಿಲ್ಲಿಸಿ. ಗಾಜು, ಬಾಟ್ಲಿ, ನುಣುಪಾದ ತಗಡು, ಪ್ಲಾಸ್ಟಿಕ್ ಡಬ್ಬಿ ಮುಟ್ಟಬೇಡಿ, ಒರೆಸಬೇಡಿ. ಅಚ್ಚು ಚೆನ್ನಾಗಿ ಕೂರೋದು ಅವುಗಳ ಮೇಲೆಯೇ. ಕಾಗದವನ್ನೂ ಬಿಸಾಡಬೇಡಿ, ರಾಸಾಯನಿಕ ಹಾಕಿ ಅದರಲ್ಲೂ ಅಚ್ಚು ಎಬ್ಬಿಸುತ್ತಾರೆ. ಅಂಗಡಿಯವರ, ಆಳುಗಳ ಬೆರಳಚ್ಚು ಕೇಳಿದರೆ ಕೋಪ ಬೇಡ. ನಿಮ್ಮದು ಯಾವುದು ಅಂತ ತೆಗೆದಿಟ್ಟರೆ ತಾನೆ ಕಳ್ಳಂದು ಉಳಿಯೋದು?

ಕಡೆಯದಾಗಿ ವ್ಯಾಪಾರಸ್ಥರಿಗೆ ಗೊತ್ತಿರಬೇಕಾದ ಮಾತು. 2024ರ ಜುಲೈ 1ರಿಂದ ಬಂದ ಹೊಸ ದಂಡಸಂಹಿತೆಯಲ್ಲಿ ರಾತ್ರಿ ಅಂಗಡಿಯ ಬೀಗ ಮುರಿದು ಕಳವಿಗೆ ನುಗ್ಗೋದಕ್ಕೆ 14 ವರ್ಷದವರೆಗೆ ಶಿಕ್ಷೆ ಇದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಲೇಬೇಕು ಅಂತ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತೆ. ಅದನ್ನು ಪೂರ್ತಿ ಜಾರಿಗೆ ತರೋಕೆ ರಾಜ್ಯಗಳಿಗೆ ಕೊಟ್ಟ ಗಡುವು ಐದು ವರ್ಷ. ಅಂದರೆ 2029.

ಹಾಗಾಗಿ ತಜ್ಞರು ಬರೋದು ಇನ್ನು ಮೇಲೆ ಇಲಾಖೆಯ ಉಪಕಾರವಲ್ಲ, ಅಂಗಡಿಯವರ ಹಕ್ಕು. ಆ ಹಕ್ಕಿಗೆ ತಕ್ಕಷ್ಟು ಆಳು, ಜೀಪು ಗಡುವಿನೊಳಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಿಗೆ ಬಂದಾವೆಯೇ? ದುಡ್ಡಿನ ಕೀಲಿಕೈ ಹಿಡಿದವರು ಬಜೆಟ್ ಪುಸ್ತಕದಲ್ಲಿ ಉತ್ತರ ಬರೆಯಲಿ.