ನಿಮಗಿದು ಗೊತ್ತೆ? ಆಟ ಗೆದ್ದರೂ ಸಿಗದ ಕಾರ್ಡು!
ಎದುರಾಳಿಗಳನ್ನೆಲ್ಲ ಸೋಲಿಸಿದರೂ ಎರಡು ಕಾರ್ಡು ಮಾತ್ರ ಕೈಗೆ ಬರುವುದಿಲ್ಲ. 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ‘ಪೊಕೆಮಾನ್ ಟ್ರೇಡಿಂಗ್ ಕಾರ್ಡ್ ಗೇಮ್’ ವಿಡಿಯೊ ಗೇಮಿನ ಕಿತಾಪತಿ ಇದು. ವೀನಸಾರ್, ಮ್ಯೂ ಹೆಸರಿನ ಆ ‘ಭೂತ’ ಕಾರ್ಡುಗಳು ಬೇಕೆಂದರೆ, ಇದೇ ಆಟವಿರುವ ಇನ್ನೊಬ್ಬನನ್ನು ಹುಡುಕಬೇಕು. ಇಬ್ಬರೂ ತಮ್ಮ ಅಂಗೈ ಆಟದ ಯಂತ್ರಗಳಾದ ಗೇಮ್ ಬಾಯ್ ಕಲರ್‌ಗಳನ್ನು ತಲೆಗೆ ತಲೆ ಎದುರಾಗಿ ಹಿಡಿದರೆ, ಟಿ.ವಿ. ರಿಮೋಟಿನಲ್ಲಿರುವಂಥ ಕಾಣದ ಬೆಳಕು ಹಾಯ್ದು ಇಬ್ಬರಿಗೂ ಒಂದೊಂದು ಕಾರ್ಡು. ಭೂತವೇ ಬರುತ್ತದೆಂಬ ಖಾತ್ರಿಯಿಲ್ಲ! ಅದೇ ಗೆಳೆಯನ ಜೊತೆ ತಕ್ಷಣ ಮತ್ತೆ ಹಿಡಿದರೆ ನಡೆಯದು, ಹೊಸಬನೇ ಬೇಕು. ಕೂಟಗಲ್ ಹಳ್ಳಿಯ ಹುಡುಗನಾಗಿದ್ದರೆ ಬಸ್ಸು ಹತ್ತಿ ರಾಮನಗರಕ್ಕೇ ಹೋಗಬೇಕಿತ್ತೇನೋ.