ನೆಲನೆಲ್ಲಿ: ಗುರುತು, ಬಳಕೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

ಮುಂಗಾರು ಮಳೆ ಹಿಡಿದ ಕೆಲವೇ ವಾರಗಳಲ್ಲಿ ನಮ್ಮ ಜಿಲ್ಲೆಯ ಹೊಲದ ಬದು, ಹಿತ್ತಲು, ಶಾಲಾ ಆವರಣಗಳಲ್ಲಿ ತಾನಾಗಿಯೇ ಮೊಳೆಯುವ ನೆಲನೆಲ್ಲಿಯನ್ನು ಕಳೆಯೆಂದು ಕೀಳುವವರೇ ಅಧಿಕ. ಕಾಮಣಿಗೆ ಔಷಧ ಕೊಡುವ ಮನೆತನದವರು ಮಾತ್ರ ಇದನ್ನು ಹುಡುಕಿ ತರುತ್ತಾರೆ. ಆಯುರ್ವೇದದಲ್ಲಿ ಇದು ಭೂಮ್ಯಾಮಲಕೀ. ಸಸ್ಯಶಾಸ್ತ್ರದಲ್ಲಿ ಫಿಲ್ಲಾಂಥಸ್ ಅಮಾರಸ್.

ಗೇಣುದ್ದದಿಂದ ಮೊಳದುದ್ದದವರೆಗೆ ನೆಟ್ಟಗೆ ಬೆಳೆಯುವ ವಾರ್ಷಿಕ ಸಸ್ಯವಿದು. ತೆಳು ಕವಲಿನ ಇಕ್ಕೆಲಗಳಲ್ಲಿ ಪುಟ್ಟ ಎಲೆಗಳು ಸಾಲಾಗಿರುವುದರಿಂದ ಇಡೀ ಕವಲೇ ಹುಣಸೆಯ ಎಲೆಯಂತೆ ತೋರುತ್ತದೆ. ಸಂಜೆಯಾದೊಡನೆ ಎಲೆಗಳು ಮಡಚಿಕೊಳ್ಳುತ್ತವೆ. ಕವಲನ್ನು ಮಗುಚಿದರೆ ಸಾಸಿವೆಗಿಂತ ತುಸು ದಪ್ಪನಾದ, ನುಣುಪಾದ, ಚಿಕ್ಕ ತೊಟ್ಟಿನ ಕಾಯಿಗಳು ಸಾಲುಗಟ್ಟಿರುವುದು ಕಾಣುತ್ತದೆ. ಇದೇ ಜಾತಿಯ ಫಿಲ್ಲಾಂಥಸ್ ಯೂರಿನೇರಿಯಾ ಎಂಬ ಇನ್ನೊಂದು ಸಸ್ಯವು ಮೇಲ್ನೋಟಕ್ಕೆ ಹೀಗೆಯೇ ಇದ್ದರೂ ಅದರ ಕಾಯಿ ಒರಟು, ತೊಟ್ಟು ಇಲ್ಲವೆನ್ನುವಷ್ಟು ಗಿಡ್ಡ. ಎಂಜಿನಿಯರಿಂಗ್ ಓದಿದ ನನಗೂ ಕಾಯಿಯಿಂದಲೇ ಗುರುತು ಹಿಡಿಯುವುದು ಸುಲಭವಾಯಿತು.

ಬೇರುಸಹಿತ ಅರೆದು ಮಜ್ಜಿಗೆ ಅಥವಾ ಹಾಲಿನಲ್ಲಿ ಬರಿಹೊಟ್ಟೆಗೆ ಕುಡಿಸುವುದು ರೂಢಿ, ಉರಿಮೂತ್ರಕ್ಕೂ ಬಳಸುವುದುಂಟು. 1988ರಲ್ಲಿ ಮದ್ರಾಸಿನ ವೈದ್ಯರು ಹೆಪಟೈಟಿಸ್ ಬಿ ಸೋಂಕಿನ 37 ಜನರಿಗೆ ಈ ಸಸ್ಯದ ಪುಡಿಯನ್ನು 30 ದಿನ ಕೊಟ್ಟು, 22 ಜನರಲ್ಲಿ ಸೋಂಕಿನ ಗುರುತು ಮರೆಯಾಯಿತೆಂದು ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಮುಂದಿನ ಹಲವು ಪ್ರಯೋಗಗಳಲ್ಲಿ ಆ ಫಲ ದೊರೆಯಲಿಲ್ಲ. ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಕೀರ್ತಿ ಮಾತ್ರ ಔಷಧಕ್ಕೆ ಸಲ್ಲುತ್ತದೆ. ಆದರೆ ಗರ್ಭಿಣಿಗೆ ಹೆಪಟೈಟಿಸ್ ಇ ತಗುಲಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಕಣ್ಣು ಹಳದಿಯಾದ ಯಾರನ್ನಾದರೂ, ಗರ್ಭಿಣಿಯರನ್ನಂತೂ ಅದೇ ದಿನ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವಂತೆ ಸದಸ್ಯರು ತಮ್ಮ ವಾರ್ಡಿನ ಔಷಧ ಕೊಡುವವರಿಗೆ ತಿಳಿಹೇಳಬೇಕು. ಅವರ ಮೇಲೆ ಜನರಿಗಿರುವ ವಿಶ್ವಾಸ ದೊಡ್ಡದು. ಅವರನ್ನು ದೂರ ಮಾಡಿಕೊಂಡರೆ ರೋಗಿಯ ಸುದ್ದಿಯೇ ನಮಗೆ ತಲುಪುವುದಿಲ್ಲ.

ಅವರ ಜ್ಞಾನವನ್ನು ಒಪ್ಪಿಗೆ ಪಡೆದು ದಾಖಲಿಸಲು ಜೀವವೈವಿಧ್ಯ ಅಧಿನಿಯಮ 2002ರ ಪ್ರಕರಣ 41ರಡಿ ರಚಿತವಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಅವಕಾಶವಿದೆ. ಕಳೆನಾಶಕ ಸಿಂಪಡಿಸಿದ ಜಾಗದ ಗಿಡವನ್ನು ಔಷಧಕ್ಕೆ ಕೀಳದಂತೆಯೂ ಎಚ್ಚರಿಸಬೇಕು.

ಒಂದೇ ಓಣಿಯಲ್ಲಿ ಎರಡು-ಮೂರು ಮನೆಗಳಿಗೆ ಕಾಮಣಿ ಬಂದರೆ ಮೊದಲು ನೋಡಬೇಕಾದದ್ದು ಚರಂಡಿಯೊಳಗೆ ಹಾದುಹೋದ ನಲ್ಲಿ ಪೈಪನ್ನು. ಆ ದಿನವೇ ವಾಟರ್‌ಮನ್ ಜೊತೆ ಸೋರಿಕೆ ಪತ್ತೆಹಚ್ಚಿ, ಓಣಿಯ ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೇ ಎಂದು ಪರೀಕ್ಷಿಸಿ, ದುರಸ್ತಿ ಮುಗಿಯುವವರೆಗೆ ನೀರನ್ನು ಕುದಿಸಿ ಕುಡಿಯುವಂತೆ ಡಂಗುರ ಸಾರಿಸತಕ್ಕದ್ದು.